ಒಪ್ಪ ಮತ್ತು ಒಪ್ಪಿಗೆ

ಎರಡು ವರ್ಷದ ಶನಿವಾರ, ಭಾನುವಾರಗಳನ್ನೆಲ್ಲ ಸುರಿದು ನಾನೊಂದು ಪುಟ್ಟ ವಿಡಿಯೋ ಗೇಮ್ ಮಾಡಿದ್ದೆ. ಹುಡುಗನೊಬ್ಬ ಬಂಡೆಯಿಂದ ಬಂಡೆಗೆ ಹಾರುತ್ತಾ ಹೊಳೆ ದಾಟುವ ಆಟ. ನೀರಿನ ಮೇಲೆ ಬಿಸಿಲು ಹೊಳೆಯುವಂತೆ ಮಾಡಲಿಕ್ಕೇ ಒಂದು ತಿಂಗಳು ಹಿಡಿದಿತ್ತು. ಅಕ್ಕನ ಹತ್ತು ವರ್ಷದ ಮಗನ ಕೈಗೆ ಕೊಟ್ಟೆ. ಐದು ನಿಮಿಷ ಆಡಿ ಕೆಳಗಿಟ್ಟ. "ಚೆನ್ನಾಗಿದೆ ಮಾವ, ಆದ್ರೆ ಇವ್ನು ನನ್ನ ಮಾತು ಕೇಳಲ್ಲ" ಅಂದ. ನಾನು ವಾದಕ್ಕಿಳಿದೆ. ಬಂಡೆಯ ಅಂಚು ದಾಟಿದ ಮೇಲೆ ಬಟನ್ ಒತ್ತಿದರೆ ಹಾರುವುದು ಹೇಗೆ, ಕಾಲ ಕೆಳಗೆ ನೆಲವೇ ಇಲ್ಲವಲ್ಲ? "ನಾನು ಅಂಚಲ್ಲೇ ಒತ್ತಿದ್ದು" ಎಂದು ಅವನು. ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು.

ಆ ಜಗಳಕ್ಕೆ ತೀರ್ಮಾನ ಸಿಕ್ಕಿದ್ದು 'ಸೆಲೆಸ್ಟ್' ಆಟದಲ್ಲಿ. 2018ರಲ್ಲಿ ಬಂದು ಹೆಸರು ಮಾಡಿದ ದೊಡ್ಡ ಸೆಲೆಸ್ಟ್ ಅಲ್ಲ. ಅದಕ್ಕೂ ಮೊದಲು ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕೇ ದಿನದಲ್ಲಿ 'ಪಿಕೋ-8' ಎಂಬ ಕಾಲ್ಪನಿಕ ಯಂತ್ರಕ್ಕೆ ಮಾಡಿದ ಮೂಲ ಆಟ. ಪಿಕೋ-8ರ ಪರದೆ 128 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಬಣ್ಣಗಳು 16. ಥಳಕಿಗೆ ಅಲ್ಲಿ ಜಾಗವೇ ಇಲ್ಲ. ಆದರೂ ಆಡಿದವರಿಗೆ ಅದು ತಿದ್ದಿ ತೀಡಿದ ಆಟವೆನಿಸುತ್ತದೆ. ಏಕೆ ಎಂಬ ಕುತೂಹಲಕ್ಕೆ ಅದರ ಕೋಡ್ ತೆರೆದು ಓದಿದೆ. ಪಿಕೋ-8ರ ಆಟಗಳ ಕೋಡನ್ನು ಯಾರು ಬೇಕಾದರೂ ಓದಬಹುದು.

ಅಲ್ಲೊಂದು ಅಂಕಿಯ ಹೆಸರು 'ಗ್ರೇಸ್'. ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕ್ಸ್ ಎನ್ನುತ್ತೇವಲ್ಲ, ಅದೇ ಗ್ರೇಸ್. ಅದರ ಬೆಲೆ 6. ಪಾತ್ರದ ಕಾಲು ಅಂಚು ದಾಟಿದ ಮೇಲೂ ಆರು ಫ್ರೇಮುಗಳವರೆಗೆ ಹಾರಲು ಅವಕಾಶವಿದೆ. ಸೆಕೆಂಡಿಗೆ 30 ಫ್ರೇಮಿನ ಆಟದಲ್ಲಿ ಅದು ಸುಮಾರು ಐದನೇ ಒಂದು ಸೆಕೆಂಡು. ಗೇಮ್ ಮಾಡುವವರ ಮಾತಿನಲ್ಲಿ ಇದು 'ಕಯೋಟಿ ಟೈಮ್'. ಕಾರ್ಟೂನಿನ ಕಯೋಟಿ ಪ್ರಪಾತದ ಅಂಚು ದಾಟಿಯೂ ಒಂದು ಗಳಿಗೆ ಗಾಳಿಯಲ್ಲೇ ಓಡುತ್ತದಲ್ಲ, ಅದರ ನೆನಪಿಗೆ ಈ ಹೆಸರು. ಇದಕ್ಕೆ ಜೋಡಿಯಾಗಿ ಇನ್ನೊಂದು ಅಂಕಿ ಇದೆ: ನೆಲ ಮುಟ್ಟುವುದಕ್ಕೆ ಕೊಂಚ ಮುಂಚೆಯೇ ಬಟನ್ ಒತ್ತಿದರೆ ಆಟ ಅದನ್ನು ನಾಲ್ಕು ಫ್ರೇಮ್ ನೆನಪಿಟ್ಟುಕೊಳ್ಳುತ್ತದೆ. ಪಾತ್ರದ ಚಿತ್ರ 8 ಪಿಕ್ಸೆಲ್‌ನ ಚೌಕ. ಆದರೆ ದೇಹವೆಂದು ಆಟ ಲೆಕ್ಕಕ್ಕೆ ಹಿಡಿಯುವುದು 6 ಅಗಲ, 5 ಎತ್ತರ ಮಾತ್ರ. ಮೇಲ್ಮುಖದ ಮುಳ್ಳುಗಳನ್ನು ಸವರಿಕೊಂಡು ಮೇಲಕ್ಕೆ ಏರುತ್ತಿದ್ದರೆ ಸಾವಿಲ್ಲ. ಅವುಗಳ ಮೇಲೆ ಬಿದ್ದರೆ ಸಾವು.

ಇದು ಮೋಸವಲ್ಲವೇ ಎಂದು ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಕಣ್ಣು ಕಂಡದ್ದನ್ನು ಬೆರಳು ಮಾಡುವಷ್ಟರಲ್ಲಿ ಹೊತ್ತು ಸರಿದಿರುತ್ತದೆ. ಆ ಹೊತ್ತನ್ನು ಆಟಗಾರನ ತಲೆಗೆ ಕಟ್ಟುವುದು ಕಟ್ಟುನಿಟ್ಟಲ್ಲ, ಅನ್ಯಾಯ. ಇಷ್ಟೆಲ್ಲ ರಿಯಾಯಿತಿ ಕೊಟ್ಟೂ ಸೆಲೆಸ್ಟ್ ಸುಲಭದ ಆಟವಲ್ಲ. ಬೆಟ್ಟದ ತುದಿ ಮುಟ್ಟುವ ಮೊದಲು ನಾನು ನೂರಾರು ಸಲ ಸತ್ತಿದ್ದೇನೆ. ಅಂದಾಜು ತಪ್ಪಿದರೆ ಅದು ಕ್ಷಮಿಸುವುದಿಲ್ಲ. ತಪ್ಪೇ ಅಲ್ಲದ್ದನ್ನು ತಪ್ಪೆಂದು ಎಣಿಸುವುದಿಲ್ಲ, ಅಷ್ಟೆ.

ಹಾಗಾದರೆ ಥಳಕು ಬೇಡವೇ? 2012ರಲ್ಲಿ ಮಾರ್ಟಿನ್ ಯೊನಾಸನ್ ಮತ್ತು ಪೆಟ್ರಿ ಪುರ್ಹೊ ಒಂದು ಭಾಷಣದಲ್ಲಿ, ಚೆಂಡಿನಿಂದ ಇಟ್ಟಿಗೆ ಒಡೆಯುವ ಸಪ್ಪೆ ಆಟಕ್ಕೆ ಅಲುಗಾಟ, ಸದ್ದು, ಚೂರುಗಳನ್ನು ಒಂದೊಂದಾಗಿ ಸೇರಿಸಿ ಜೀವ ತುಂಬಿಸಿ ತೋರಿಸಿದರು. ಅದನ್ನು ನೋಡಿದ ನನ್ನಂಥ ಹವ್ಯಾಸಿಗಳು ಪರದೆ ಅಲುಗಿಸಲು ಕಲಿತೆವು, ಯಾವಾಗ ಅಲುಗಿಸಬೇಕೆಂದು ಕಲಿಯಲಿಲ್ಲ. ಸೆಲೆಸ್ಟ್‌ನಲ್ಲೂ ಪರದೆ ಅಲುಗುತ್ತದೆ. ಗಾಳಿಯಲ್ಲಿ ಚಿಮ್ಮಿದ ಕ್ಷಣ ಆಟ ಎರಡು ಫ್ರೇಮ್ ಉಸಿರು ಹಿಡಿದು ನಿಂತು, ನಂತರ ನಡುಗುತ್ತದೆ. ಹಾಗೆ ಚಿಮ್ಮಿದ್ದೇ ಪಾತ್ರದ ಕೆಂಪು ಕೂದಲು ನೀಲಿಯಾಗುತ್ತದೆ. ನೆಲ ಮುಟ್ಟಿದರೆ ಮತ್ತೆ ಕೆಂಪು. ಇನ್ನೊಮ್ಮೆ ಚಿಮ್ಮಬಹುದೇ ಎಂದು ತಿಳಿಯಲು ಪರದೆಯ ಮೂಲೆ ನೋಡಬೇಕಿಲ್ಲ, ಕಣ್ಣು ಇದ್ದಲ್ಲೇ ಉತ್ತರ ಇದೆ. ಚೆಂದವೂ ಅದೇ, ಸುದ್ದಿಯೂ ಅದೇ. ನನ್ನ ಹೊಳೆಯ ಬಿಸಿಲು ಆಡುವವನಿಗೆ ಏನನ್ನೂ ಹೇಳುತ್ತಿರಲಿಲ್ಲ.

ಹವ್ಯಾಸಿಗಳಾದ ನಾವು ಸಮಯವಿಲ್ಲ ಎನ್ನುತ್ತೇವೆ. ಜಪಾನಿನ ಡೈಸುಕೆ ಅಮಾಯಾ ಬಿಡುವಿನ ವೇಳೆಯಲ್ಲಿ ಒಬ್ಬರೇ ಕೂತು ಐದು ವರ್ಷದಲ್ಲಿ 'ಕೇವ್ ಸ್ಟೋರಿ' ಮಾಡಿ 2004ರಲ್ಲಿ ಉಚಿತವಾಗಿ ಹಂಚಿದರು. ಸೆಲೆಸ್ಟ್ ನಾಲ್ಕು ದಿನದ್ದು. ಎರಡೂ ಕೈಗೆ ಹಿತ. ಎಷ್ಟು ಹೊತ್ತು ಇತ್ತು ಎನ್ನುವುದಕ್ಕಿಂತ ಅದನ್ನು ಎಲ್ಲಿ ಖರ್ಚು ಮಾಡಿದರು ಎನ್ನುವುದು ದೊಡ್ಡದು: ಬೆರಳು ಆಟವನ್ನು ಮುಟ್ಟುವ ಜಾಗದಲ್ಲಿ. ಕನ್ನಡದಲ್ಲಿ ಪಾಲಿಶ್‌ಗೆ 'ಒಪ್ಪ' ಎಂಬ ಹಳೆಯ ಮಾತಿದೆ. ಒಪ್ಪ ಹಾಕುವುದೆಂದರೆ ಉಜ್ಜಿ ಹೊಳಪು ತರುವುದು. ಅದರ ಮಗ್ಗುಲಲ್ಲೇ 'ಒಪ್ಪಿಗೆ' ಕೂತಿದೆ. ಆಟಕ್ಕೆ ಒಪ್ಪ ಬರುವುದು ಆಟಗಾರನ ಇರಾದೆಗೆ ಅದು ಒಪ್ಪಿಗೆ ಕೊಟ್ಟಾಗ ಎಂದು ನನಗೀಗ ಅನ್ನಿಸುತ್ತದೆ.

ನನ್ನ ಆಟ ಓಡುವುದು ಸೆಕೆಂಡಿಗೆ 60 ಫ್ರೇಮಿನಲ್ಲಿ. ಅಂಚಿನಲ್ಲಿ ಎಂಟು ಫ್ರೇಮ್ ಬಿಟ್ಟುಕೊಟ್ಟೆ. ಒಂದು ಸಂಜೆಯ ಕೆಲಸ. ಅಳಿಯನಿಗೆ ಏನೂ ಹೇಳದೆ ಮತ್ತೆ ಕೊಟ್ಟೆ. ಅವನಿಗೆ ಬದಲಾವಣೆ ಗೊತ್ತಾಗಲಿಲ್ಲ. ಮೂರನೇ ಬಂಡೆಯಿಂದ ಹೊಳೆಗೆ ಬಿದ್ದಾಗ "ಛೆ, ನಾನೇ ಬೇಗ ಹಾರಿಬಿಟ್ಟೆ" ಅಂದುಕೊಂಡು ಮತ್ತೆ ಶುರು ಮಾಡಿದ.