ಹೊಲದ ಕಸ, ಊರಿನ ಕಸ: ಇಂದೂರಿನ ಒಂದು ಗ್ರಂಥದ ವಿಮರ್ಶೆ

ವ್ಯವಸಾಯದಲ್ಲಿ ನಿರುಪಯುಕ್ತವೆಂದು ಬಿಸುಡುವ ವಸ್ತುಗಳನ್ನು ಗೊಬ್ಬರವಾಗಿ ಮಾರ್ಪಡಿಸುವ ವಿಷಯದಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಎಂಬ ವಿದ್ವಾಂಸರು ರಚಿಸಿದ ‘ದಿ ವೇಸ್ಟ್ ಪ್ರಾಡಕ್ಟ್ಸ್ ಆಫ್ ಅಗ್ರಿಕಲ್ಚರ್’ ಎಂಬ ಗ್ರಂಥವು 1931ರಲ್ಲಿ ಪ್ರಕಟವಾಯಿತು. ಕಸವನ್ನು ಸಂಪತ್ತಾಗಿ ಮರಳಿಸುವ ‘ಚಕ್ರೀಯ ಅರ್ಥವ್ಯವಸ್ಥೆ’ಯ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿರುವುದರಿಂದ, ಆ ಹೆಸರು ಹುಟ್ಟುವುದಕ್ಕೆ ಬಹು ಮೊದಲೇ ಅದರ ತತ್ತ್ವವನ್ನು ಹೊಲದಲ್ಲಿಯೇ ಪರೀಕ್ಷಿಸಿದ ಈ ಗ್ರಂಥವನ್ನು ಪುನಃ ತೂಗಿ ನೋಡುವುದು ಉಚಿತವಾಗಿದೆ.

1924ರಲ್ಲಿ ಇಂದೂರಿನಲ್ಲಿ ಸ್ಥಾಪಿತವಾದ ಸಸ್ಯೋದ್ಯಮ ಸಂಸ್ಥೆಯಲ್ಲಿ ನಡೆದ ಪ್ರಯೋಗಗಳೇ ಈ ಗ್ರಂಥಕ್ಕೆ ಆಧಾರ. ಹತ್ತಿಯ ಕಡ್ಡಿ, ತೊಗರಿಯ ಕಡ್ಡಿ, ಕಳೆ, ತರಗು ಇವುಗಳನ್ನು 30 ಅಡಿ ಉದ್ದ, 14 ಅಡಿ ಅಗಲದ ಗುಂಡಿಗಳಲ್ಲಿ ಪದರ ಪದರವಾಗಿ ಹರಡಿ, ನಡುನಡುವೆ ಸಗಣಿ, ಗಂಜಲ ಹೀರಿದ ಕೊಟ್ಟಿಗೆಯ ಮಣ್ಣು, ಬೂದಿ ಇವನ್ನು ಸೇರಿಸಿ, ನೀರು ಚಿಮುಕಿಸಿ, ಮೂರು ಸಲ ತಿರುವಿ ಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಗಟ್ಟಿಯಾದ ಕಡ್ಡಿಗಳನ್ನು ಬಂಡಿಯ ದಾರಿಯಲ್ಲಿ ಹರಡಿ, ಗಾಲಿಗಳ ಕೆಳಗೆ ಜಜ್ಜಿಸಿಕೊಳ್ಳುವ ಉಪಾಯವೂ ಇದರಲ್ಲುಂಟು. ಯಂತ್ರವಿಲ್ಲದ ರೈತನಿಗೆ ನಿಲುಕದ ಯಾವ ಸಾಧನವನ್ನೂ ಗ್ರಂಥಕರ್ತರು ಬಯಸಿಲ್ಲ. ಇದು ಅವರ ಮೊದಲನೆಯ ಗುಣ.

ಎರಡನೆಯ ಗುಣ ಇದಕ್ಕಿಂತ ಹಿರಿದು. ತಿಪ್ಪೆ ಹಾಕುವುದು ನಮ್ಮ ರೈತರಿಗೆ ಹೊಸತಲ್ಲ. ಆದರೆ ತಿಪ್ಪೆಯು ಒಮ್ಮೆ ಚೆನ್ನಾಗಿ ಕಳಿತು ಇನ್ನೊಮ್ಮೆ ಕೆಡುವುದೇಕೆ ಎಂಬುದಕ್ಕೆ ಗ್ರಂಥವು ಕಾರಣವನ್ನು ಕೊಡುತ್ತದೆ. ಕಸವನ್ನು ಕಳಿಯಿಸುವ ಸೂಕ್ಷ್ಮಜೀವಿಗಳಿಗೆ ಗಾಳಿ, ತೇವ, ಆಹಾರಗಳು ತಕ್ಕ ಪ್ರಮಾಣದಲ್ಲಿ ದೊರೆಯಬೇಕು. ಆರಂಭದಲ್ಲಿ 1 ಪಾಲು ಸಾರಜನಕಕ್ಕೆ ಇಂಗಾಲವು ಸುಮಾರು 33 ಪಾಲು ಇದ್ದರೆ ಕೆಲಸ ಸರಾಗವಾಗಿ ಸಾಗಿ, ಕೊನೆಗೆ ಇಂಗಾಲವು ಸುಮಾರು 10 ಪಾಲಿಗೆ ಇಳಿಯುತ್ತದೆ. ಕಡ್ಡಿಯೊಂದೇ ಇದ್ದರೆ ಸಾರಜನಕ ಸಾಲದು. ಸಗಣಿ ಗಂಜಲಗಳು ಆ ಕೊರತೆಯನ್ನು ತುಂಬುತ್ತವೆ. ಕಸವೆಂಬುದು ಒಂದು ಜಾತಿಯ ವಸ್ತುವಲ್ಲ, ತಕ್ಕ ಜೊತೆ ದೊರೆಯದ ವಸ್ತು ಎಂಬ ಮಾತು ಇಲ್ಲಿ ಪ್ರಯೋಗದಿಂದ ಸಿದ್ಧವಾಗಿದೆ.

ಇಷ್ಟು ಹೇಳಿದ ಮೇಲೆ ಗ್ರಂಥದ ಮಿತಿಯನ್ನೂ ಹೇಳಬೇಕು. ಇಲ್ಲಿಯ ಚಕ್ರವು ಹೊಲದ ಬೇಲಿಯೊಳಗೇ ತಿರುಗುತ್ತದೆ. ಹೊಲದಲ್ಲಿ ಉಳಿದುದು ಮಾತ್ರ ಹೊಲಕ್ಕೆ ಮರಳುತ್ತದೆ. ಮಾರಾಟವಾಗಿ ಹೊರಗೆ ಹೋದುದು ಮರಳುವುದಿಲ್ಲ. ಹತ್ತಿಯನ್ನೇ ನೋಡೋಣ. ಅರಳೆಯಲ್ಲಿ ಖನಿಜಾಂಶವು ಅತ್ಯಲ್ಪ, ಬೀಜದಲ್ಲಿ ಹೆಚ್ಚು. ಬೀಜವು ಗಾಣಕ್ಕೆ ಹೋಗಿ ಹಿಂಡಿಯು ಅದೇ ಹಳ್ಳಿಯ ಕೊಟ್ಟಿಗೆಗೆ ಬಂದರೆ ನಷ್ಟವು ಕಡಮೆ. ದೂರದೇಶಕ್ಕೆ ಹೋದರೆ ರಂಜಕವೂ ಅದರೊಡನೆ ಹೋಯಿತು. ಸಾರಜನಕವು ಗಾಳಿಯಿಂದ ಭೂಮಿಗೆ ಬರಬಹುದು. ರಂಜಕವು ಹಾಗೆ ಬರುವುದಿಲ್ಲ. ಗೊಬ್ಬರದ ಗುಂಡಿಯು ಇದ್ದುದನ್ನು ಉಳಿಸಬಲ್ಲುದು, ಇಲ್ಲದುದನ್ನು ಸೃಷ್ಟಿಸಲಾರದು.

ಗ್ರಂಥಕರ್ತರಿಗೆ ಸ್ಫೂರ್ತಿಯಿತ್ತ ಚೀನದ ಪದ್ಧತಿಯಲ್ಲಿ ಈ ಕೊರತೆಯಿರಲಿಲ್ಲವೆಂಬುದು ಗಮನಾರ್ಹ. 1911ರಲ್ಲಿ ಪ್ರಕಟವಾದ ಎಫ್. ಎಚ್. ಕಿಂಗ್ ಅವರ ಪುಸ್ತಕದ ಪ್ರಕಾರ, ಷಾಂಘೈ ನಗರದ ಅಂತರರಾಷ್ಟ್ರೀಯ ವಸತಿಯ ಆಡಳಿತವು 1908ರಲ್ಲಿ 78,000 ಟನ್ ಮಲವನ್ನು ಒಯ್ಯುವ ಹಕ್ಕನ್ನು ಒಬ್ಬ ಗುತ್ತಿಗೆದಾರನಿಗೆ 31,000 ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಿತು. ಅಲ್ಲಿ ಊರು ತಿಂದುದು ಹೊಲಕ್ಕೆ ಮರಳುತ್ತಿತ್ತು. ಇಂದೂರಿನ ಗ್ರಂಥವು ಚೀನದಿಂದ ರಾಶಿ ಹಾಕುವ ಕ್ರಮವನ್ನು ತಂದಿತು. ಊರನ್ನು ಹೊರಗೆ ಬಿಟ್ಟಿತು. ಹೋವರ್ಡರು 1940ರಲ್ಲಿ ಪ್ರಕಟಿಸಿದ ಇನ್ನೊಂದು ಗ್ರಂಥದಲ್ಲಿ ನಗರದ ಕಸಕ್ಕೂ ಎಡೆಕೊಟ್ಟರು. ಅದಕ್ಕೆ ಮುನ್ನ, 1939ರಲ್ಲಿ, ಸಿ. ಎನ್. ಆಚಾರ್ಯರು ‘ಬೆಂಗಳೂರು ಪದ್ಧತಿ’ಯನ್ನು ರೂಪಿಸಿದರು. ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರವಾಗಿ ತುಂಬಿ ಮುಚ್ಚಿ, ತಿರುವದೆ ಬಿಡುವುದು ಇದರ ಕ್ರಮ. ಕಾಲವು ಆರರಿಂದ ಎಂಟು ತಿಂಗಳು ಹಿಡಿಯುತ್ತದೆ. ಆದರೆ ತಿರುವುವ ಕೂಲಿ ಉಳಿಯುತ್ತದೆ.

ಆದರೆ ಯಾರ ಕೈಯಿಂದ ಈ ಮಲವು ಕಂದಕವನ್ನು ಸೇರಬೇಕು? ಸಾರಜನಕ, ಇಂಗಾಲಗಳ ಕೋಷ್ಟಕದಲ್ಲಿ ಈ ಪ್ರಶ್ನೆಗೆ ಸ್ಥಳವಿಲ್ಲ. ನಮ್ಮ ದೇಶದಲ್ಲಿ ಆ ಕೈಗಳನ್ನು ಜಾತಿಯು ಗೊತ್ತುಮಾಡಿತ್ತು. ಮನುಷ್ಯರಿಂದ ಮಲ ಹೊರಿಸುವುದನ್ನು 1993ರ ಮತ್ತು 2013ರ ಶಾಸನಗಳು ನಿಷೇಧಿಸಿದವು. ಒಬ್ಬನ ಮಾನವನ್ನು ಕಸವಾಗಿಸಿ ಇನ್ನೊಬ್ಬನ ಹೊಲಕ್ಕೆ ಸಾರ ತುಂಬಿದರೆ ಅದನ್ನು ಉಳಿತಾಯವೆಂದು ಬರೆದುಕೊಳ್ಳಲಾಗದು. ಇದಲ್ಲದೆ, ಪ್ಲಾಸ್ಟಿಕ್ ಚೀಲಗಳೂ ವಿದ್ಯುತ್ಕೋಶಗಳೂ ಈಗಿನ ನಗರದ ಕಸದಲ್ಲಿ ಬೆರೆತಿವೆ. ಮನೆಯಲ್ಲಿಯೇ ಬೇರ್ಪಡಿಸದ ಕಸವು ಗೊಬ್ಬರದೊಡನೆ ಗಾಜಿನ ಚೂರನ್ನೂ ಸೀಸವನ್ನೂ ಹೊಲಕ್ಕೆ ಒಯ್ಯಬಲ್ಲುದು. ಈ ಬೇರ್ಪಡಿಕೆಯನ್ನು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು.

ಆದ್ದರಿಂದ ಈ ಗ್ರಂಥವನ್ನು ರಾಸಾಯನಿಕ ಗೊಬ್ಬರವನ್ನು ಅಲ್ಲಗಳೆಯುವ ಶಾಸ್ತ್ರವೆಂದು ಹೊಗಳುವುದೂ, ಹಳೆಯ ಪದ್ಧತಿಯೆಂದು ಕಡೆಗಣಿಸುವುದೂ ಸರಿಯಲ್ಲ. ಗುಂಡಿಯೊಳಗಿನ ವಿಷಯದಲ್ಲಿ ಅದು ಈಗಲೂ ಒಳ್ಳೆಯ ಗುರು. ಗುಂಡಿಯ ಹೊರಗೆ, ಏನು ಹೋಯಿತು, ಏನು ಮರಳಿತು, ಯಾರು ಹೊತ್ತರು ಎಂಬ ಮೂರು ಲೆಕ್ಕಗಳನ್ನು ನಾವೇ ಬರೆದುಕೊಳ್ಳಬೇಕು. ಚಕ್ರೀಯವೆಂದು ಹೆಸರು ಹೊತ್ತ ಯಾವ ಯೋಜನೆಯನ್ನಾದರೂ ಈ ಮೂರರಿಂದ ಅಳೆದಲ್ಲದೆ ಚಕ್ರವು ಪೂರ್ಣವಾಯಿತೆಂದು ಒಪ್ಪಲಾಗದು.