ಬಾರ್ಮೆನ್ ಘೋಷಣೆಯ ಐದನೆಯ ಪ್ರತಿಪಾದನೆ: ಒಂದು ವಿಮರ್ಶೆ

ಪ್ರಭುತ್ವವು ತನ್ನ ಎಲ್ಲೆಯನ್ನು ಮೀರಿ ಮನುಷ್ಯನ ಅಂತಃಕರಣದ ಮೇಲೆಯೂ ಒಡೆತನ ಸ್ಥಾಪಿಸಲು ಹೊರಟಾಗ ಸಭೆಯು ಏನನ್ನು ನುಡಿಯಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಸೆಮಿನರಿಗಳಲ್ಲಿ ಬಾರ್ಮೆನ್ ಘೋಷಣೆಯ ಹೆಸರು ಕೇಳಿಬರುತ್ತದೆ. 1934ರ ಮೇ 29ರಿಂದ 31ರವರೆಗೆ ಜರ್ಮನಿಯ ವುಪ್ಪರ್ಟಾಲ್ ನಗರದ ಬಾರ್ಮೆನ್‌ನಲ್ಲಿ, ಗೆಮಾರ್ಕೆ ದೇವಾಲಯದಲ್ಲಿ ಕೂಡಿದ ಸಿನೊಡು ಇದನ್ನು ಅಂಗೀಕರಿಸಿತು. ಲೂಥೆರನ್, ರಿಫಾರ್ಮ್ಡ್ ಮತ್ತು ಐಕ್ಯ ಸಭೆಗಳ ಪ್ರತಿನಿಧಿಗಳು ಅಲ್ಲಿ ಒಂದೇ ಬಾಯಿಂದ ಅರಿಕೆ ಮಾಡಿದರು. ಕರಡಿನ ಮುಖ್ಯ ಕರ್ತೃ ಕಾರ್ಲ್ ಬಾರ್ತ್. ಈ ಘೋಷಣೆಯನ್ನು ವೀರಗಾಥೆಯಂತೆ ಬೋಧಿಸುವ ರೂಢಿ ನಮ್ಮಲ್ಲಿದೆ. ಆದರೆ ಅರಿಕೆಯೊಂದಕ್ಕೆ ಸಲ್ಲಿಸಬೇಕಾದ ನಿಜವಾದ ಗೌರವವೆಂದರೆ ಅದನ್ನು ಪರಿಶೋಧಿಸುವುದೇ ಎಂದು ನಾವು ನಂಬುತ್ತೇವೆ. ಆದ್ದರಿಂದ ಪ್ರಭುತ್ವವನ್ನು ಕುರಿತ ಅದರ ಐದನೆಯ ಪ್ರತಿಪಾದನೆಯನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಳ್ಳುತ್ತೇವೆ.

ಮೊದಲು ಸಂದರ್ಭವನ್ನು ನೆನಪಿಗೆ ತಂದುಕೊಳ್ಳೋಣ. 1933ರ ಏಪ್ರಿಲ್ 7ರ ಕಾನೂನು ಯೆಹೂದ್ಯ ಮೂಲದವರನ್ನು ಸರ್ಕಾರಿ ನೌಕರಿಯಿಂದ ಹೊರಗಟ್ಟಿತು. ‘ಜರ್ಮನ್ ಕ್ರೈಸ್ತರು’ ಎಂಬ ಪಂಗಡವು ಅದೇ ನಿಯಮವನ್ನು ಸಭೆಯೊಳಕ್ಕೂ ತರಲು ಹಟಹಿಡಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಷ್ಯಾದ ಸಿನೊಡು ಅದನ್ನು ಅಂಗೀಕರಿಸಿತು. ಲುಡ್ವಿಗ್ ಮ್ಯೂಲರ್ ರೈಷ್ ಬಿಷಪ್ಪನಾದನು. ನವೆಂಬರಿನಲ್ಲಿ ಬರ್ಲಿನ್ನಿನ ಕ್ರೀಡಾಭವನದ ಸಭೆಯಲ್ಲಿ ಆ ಪಂಗಡದ ನಾಯಕನೊಬ್ಬನು ಹಳೆಯ ಒಡಂಬಡಿಕೆಯನ್ನೇ ತೊರೆಯಬೇಕೆಂದು ಬಹಿರಂಗವಾಗಿ ಕರೆಕೊಟ್ಟನು. ಜನಾಂಗ, ರಕ್ತ, ನಾಡು ಇವೆಲ್ಲ ದೇವರ ಪ್ರಕಟಣೆಯ ಆಕರಗಳೆಂಬ ಬೋಧನೆ ಪೀಠಗಳಿಂದ ಕೇಳಿಬರುತ್ತಿದ್ದ ಕಾಲವದು.

ಇದಕ್ಕೆ ಉತ್ತರವಾಗಿ ಬಾರ್ಮೆನ್ ಆರು ಪ್ರತಿಪಾದನೆಗಳನ್ನು ಮುಂದಿಟ್ಟಿತು. ಪ್ರತಿಯೊಂದಕ್ಕೂ ಮೂರು ಅಂಗಗಳು: ವೇದವಾಕ್ಯ, ಅರಿಕೆ, ನಿರಾಕರಣೆ. ಐದನೆಯದು ಪೇತ್ರನ ಮೊದಲನೆಯ ಪತ್ರಿಕೆಯ 2:17ನ್ನು ಆಧಾರವಾಗಿ ಇಟ್ಟುಕೊಂಡು, ಇನ್ನೂ ವಿಮೋಚನೆಯನ್ನು ಹೊಂದದ ಲೋಕದಲ್ಲಿ, ಮಾನವನ ತಿಳಿವಳಿಕೆ ಮತ್ತು ಸಾಮರ್ಥ್ಯದ ಮಟ್ಟಿಗೆ, ನ್ಯಾಯವನ್ನೂ ಶಾಂತಿಯನ್ನೂ ಕಾಪಾಡುವ ಕೆಲಸವನ್ನು ದೇವರು ಪ್ರಭುತ್ವಕ್ಕೆ ಒಪ್ಪಿಸಿದ್ದಾನೆ ಎನ್ನುತ್ತದೆ. ಸಭೆಯು ಇದನ್ನು ಕೃತಜ್ಞತೆಯಿಂದ ಒಪ್ಪುತ್ತದೆ. ದೇವರ ರಾಜ್ಯವನ್ನೂ ಆಜ್ಞೆಯನ್ನೂ ನೀತಿಯನ್ನೂ ಸ್ಮರಣೆಗೆ ತಂದು, ಆಳುವವರಿಗೂ ಆಳಲ್ಪಡುವವರಿಗೂ ಅವರವರ ಹೊಣೆಯನ್ನು ನೆನಪಿಸುತ್ತದೆ. ಪ್ರಭುತ್ವವು ಮಾನವಜೀವನದ ಏಕೈಕ ಸರ್ವಾಧಿಕಾರಿ ವ್ಯವಸ್ಥೆಯಾಗುವುದನ್ನೂ, ಸಭೆಯು ಪ್ರಭುತ್ವದ ಒಂದು ಅಂಗವಾಗುವುದನ್ನೂ ಅದು ಏಕಕಾಲದಲ್ಲಿ ತಳ್ಳಿಹಾಕುತ್ತದೆ.

ಈ ಮಾತುಗಳ ಬಲ ಎಲ್ಲಿದೆ? ಪ್ರಭುತ್ವವನ್ನು ಅದರ ಸ್ವರೂಪದಿಂದಲ್ಲ, ಅದಕ್ಕೆ ಒಪ್ಪಿಸಿದ ಕೆಲಸದಿಂದ ಗುರುತಿಸಿರುವುದರಲ್ಲಿದೆ. ಜನಾಂಗವನ್ನಾಗಲಿ ಕುಲವನ್ನಾಗಲಿ ಪ್ರತಿಪಾದನೆಯು ದೇವರ ನೇಮಕವೆಂದು ಹೆಸರಿಸುವುದೇ ಇಲ್ಲ. ಈ ಮೌನದ ಮಹತ್ವವು ಅದೇ ಜೂನಿನಲ್ಲಿ ಹೊರಬಿದ್ದ ಆನ್ಸ್‌ಬಾಖ್ ಹೇಳಿಕೆಯ ಪಕ್ಕದಲ್ಲಿಟ್ಟಾಗ ಸ್ಪಷ್ಟವಾಗುತ್ತದೆ. ವೆರ್ನರ್ ಎಲೆರ್ಟ್, ಪೌಲ್ ಆಲ್ಟ್‌ಹೌಸ್‌ರಂತಹ ಪಂಡಿತರು ಸಹಿ ಮಾಡಿದ ಆ ಹೇಳಿಕೆಯು ಕುಟುಂಬ, ಜನಾಂಗ, ರಕ್ತಸಂಬಂಧ ಇವುಗಳನ್ನು ದೇವರ ನಿಯಮವು ನಮ್ಮನ್ನು ಕಟ್ಟಿಹಾಕುವ ಕ್ರಮಗಳೆಂದು ಬೋಧಿಸಿತು. ಹಿಟ್ಲರನನ್ನು ಕೊಟ್ಟದ್ದಕ್ಕಾಗಿ ದೇವರಿಗೆ ಸ್ತೋತ್ರವನ್ನೂ ಸಲ್ಲಿಸಿತು. ಇವರು ಅಜ್ಞಾನಿಗಳಾಗಿರಲಿಲ್ಲ; ಲೂಥರನನ್ನು ಆಳವಾಗಿ ಓದಿಕೊಂಡವರು. ಸೃಷ್ಟಿಕ್ರಮದ ಬೋಧನೆಯನ್ನು ಕ್ರಿಸ್ತನಿಂದ ಬೇರ್ಪಡಿಸಿದರೆ ಅದು ಅಂದಂದಿನ ರಾಷ್ಟ್ರಾಭಿಮಾನಕ್ಕೆ ಪೀಠವಾಗಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬಾರ್ಮೆನ್ ಈ ಬಾಗಿಲನ್ನು ಮುಚ್ಚಿತು. ಅದು ಸಣ್ಣ ಕೆಲಸವಲ್ಲ.

ಆದರೂ ನಮ್ಮ ಆಕ್ಷೇಪಣೆಯನ್ನು ಮರೆಮಾಚಲಾಗದು. ಆರು ಪ್ರತಿಪಾದನೆಗಳಲ್ಲಿ ಎಲ್ಲಿಯೂ ಯೆಹೂದ್ಯರ ಮಾತಿಲ್ಲ. ಹಿಂಸೆಗೊಳಗಾದ ನೆರೆಯವರಿರಲಿ, ಯೆಹೂದ್ಯ ಮೂಲದ ಸ್ವಂತ ಸಭಾಪಾಲಕರ ಹೆಸರನ್ನೂ ಅದು ಎತ್ತುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನವೆಂದರೆ, ಸಿನೊಡಿನಲ್ಲಿ ಒಮ್ಮತ ಅಗತ್ಯವಾಗಿತ್ತು, ಹೆಚ್ಚು ನುಡಿದಿದ್ದರೆ ಅದು ಒಡೆದುಹೋಗುತ್ತಿತ್ತು ಎಂಬುದು. ಇದರಲ್ಲಿ ಸತ್ಯವುಂಟು. ಘೋಷಣೆಯನ್ನು ವಿವರಿಸಿದ ಹಾನ್ಸ್ ಆಸ್ಮುಸೆನ್, ತಾವು ಪ್ರಜೆಗಳಾಗಿ ಹೊಸ ಪ್ರಭುತ್ವವನ್ನು ಪ್ರತಿಭಟಿಸುತ್ತಿಲ್ಲವೆಂದು ಸಿನೊಡಿಗೆ ಸ್ಪಷ್ಟಪಡಿಸಿದ್ದರು. ಆದರೆ ಈ ಸಮಾಧಾನವು ಮೌನವನ್ನು ವಿವರಿಸುತ್ತದೆಯೇ ಹೊರತು ಸಮರ್ಥಿಸುವುದಿಲ್ಲ.

ಕೊರತೆಯು ಪ್ರತಿಪಾದನೆಯ ರಚನೆಯಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ. ಐದನೆಯ ಪ್ರತಿಪಾದನೆಯಲ್ಲಿ ಕ್ರಿಯಾಶೀಲವಾದ ಪಕ್ಷಗಳು ಎರಡೇ: ಪ್ರಭುತ್ವ ಮತ್ತು ಸಭೆ. ಎರಡಕ್ಕೂ ಗಡಿ ಗುರುತಿಸಲಾಗಿದೆ. ಪ್ರಭುತ್ವದ ಬಲಪ್ರಯೋಗಕ್ಕೆ ಸಿಕ್ಕು ನಲುಗುವ ಮೂರನೆಯವನಿಗೆ ಅಲ್ಲಿ ಸ್ಥಳವಿಲ್ಲ. ‘ಆಳಲ್ಪಡುವವರು’ ಎಂಬ ಪದ ಬಂದಿದೆ ನಿಜ. ಆದರೆ ಅವರೂ ಹೊಣೆಹೊತ್ತವರಾಗಿ ಬರುತ್ತಾರೆ, ಗಾಯಗೊಂಡವರಾಗಿ ಅಲ್ಲ. ನ್ಯಾಯ ಎಂಬ ಮಾತಿದೆ. ಯಾರಿಗೆ ನ್ಯಾಯ ಎಂಬ ಪ್ರಶ್ನೆ ಇಲ್ಲ. ಹೀಗಾಗಿ ಸಭೆಯ ಸ್ವಾತಂತ್ರ್ಯವು ಉಳಿದರೆ ಸಾಕು, ಗಡಿ ಭದ್ರವಾಗಿದೆ ಎಂದು ಓದಲು ಪಠ್ಯವು ಎಡೆಮಾಡಿಕೊಡುತ್ತದೆ. ಅನೇಕರು ಹಾಗೆಯೇ ಓದಿಕೊಂಡರು.

ಬೇರೆ ದಾರಿ ಆಗ ಯಾರಿಗೂ ಕಾಣಿಸಿರಲಿಲ್ಲ ಎನ್ನುವಂತಿಲ್ಲ. ಡೀಟ್ರಿಷ್ ಬೊನ್‌ಹಾಫರ್ 1933ರಲ್ಲಿಯೇ ಯೆಹೂದ್ಯರ ಪ್ರಶ್ನೆಯನ್ನು ಕುರಿತ ಲೇಖನದಲ್ಲಿ ಸಭೆಯ ಮುಂದೆ ಮೂರು ಕರ್ತವ್ಯಗಳನ್ನು ಇಟ್ಟಿದ್ದರು: ಪ್ರಭುತ್ವವನ್ನು ಅದರ ನಡೆಯ ಬಗ್ಗೆ ಪ್ರಶ್ನಿಸುವುದು, ಕ್ರೈಸ್ತರಲ್ಲದಿದ್ದರೂ ಬಲಿಯಾದವರಿಗೆ ನೆರವಾಗುವುದು, ಕಡೆಗೆ, ಚಕ್ರದಡಿ ಸಿಕ್ಕವರ ಗಾಯ ಕಟ್ಟುವುದಷ್ಟೇ ಸಾಲದಾದಾಗ ಚಕ್ರವನ್ನೇ ತಡೆಯುವುದು. ಯೆಹೂದ್ಯರ ಬಗ್ಗೆ ಪರಂಪರೆಯ ಪೂರ್ವಗ್ರಹಗಳು ಆ ಲೇಖನದಲ್ಲಿಯೂ ಉಳಿದಿವೆ, ಅದನ್ನೂ ಹೇಳಲೇಬೇಕು. ಆದರೂ ಮೂರನೆಯವನು ಅಲ್ಲಿ ಕಾಣಿಸಿಕೊಂಡಿದ್ದಾನೆ. 1935ರಲ್ಲಿ ಬರ್ಲಿನ್ನಿನ ಶಿಕ್ಷಕಿ ಎಲಿಸಬೆತ್ ಷ್ಮಿಟ್ಸ್ ಯೆಹೂದ್ಯರ ದುಸ್ಥಿತಿಯನ್ನು ವಿವರಿಸುವ ಮನವಿಪತ್ರವನ್ನು ಸಿದ್ಧಪಡಿಸಿ ಅರಿಕೆಯ ಸಭೆಯ ಮುಖಂಡರಿಗೆ ತಲುಪಿಸಿದರು. ದಶಕಗಳ ಕಾಲ ಆ ಬರಹವನ್ನು ಬೇರೊಬ್ಬರದೆಂದು ಭಾವಿಸಲಾಗಿತ್ತು.

1936ರಲ್ಲಿ ಅರಿಕೆಯ ಸಭೆಯ ಮುಖಂಡರು ಹಿಟ್ಲರನಿಗೆ ಬರೆದ ಮನವಿಯಲ್ಲಿ ಯೆಹೂದ್ಯದ್ವೇಷವನ್ನೂ ಬಂಧನ ಶಿಬಿರಗಳನ್ನೂ ಖಂಡಿಸಿದ್ದುಂಟು. ಅದು ವಿದೇಶದ ಪತ್ರಿಕೆಗಳಲ್ಲಿ ಪ್ರಕಟವಾದಾಗ, ಯೆಹೂದ್ಯ ಮೂಲದ ಕ್ರೈಸ್ತರೂ ಸಭೆಯ ಕಚೇರಿಯಲ್ಲಿ ಸೇವೆಸಲ್ಲಿಸುತ್ತಿದ್ದ ನ್ಯಾಯವಾದಿಯೂ ಆದ ಫ್ರೀಡ್ರಿಷ್ ವೈಸ್ಲರ್ ಬಂಧಿತರಾದರು. ಸಭೆಯು ಅವರಿಂದ ದೂರ ಸರಿಯಿತು. 1937ರ ಫೆಬ್ರವರಿಯಲ್ಲಿ ಸಾಕ್ಸೆನ್‌ಹೌಸೆನ್ ಶಿಬಿರದಲ್ಲಿ ಅವರನ್ನು ಹೊಡೆದು ಕೊಲ್ಲಲಾಯಿತು. 1945ರ ಅಕ್ಟೋಬರಿನ ಸ್ಟುಟ್‌ಗಾರ್ಟ್ ಪಾಪಾರಿಕೆಯಲ್ಲಿಯೂ ಯೆಹೂದ್ಯರ ಹೆಸರು ಬರಲಿಲ್ಲ. ಯೆಹೂದ್ಯರ ಪ್ರಶ್ನೆಯನ್ನು ತಾನು 1934ರಲ್ಲಿ ನಿರ್ಣಾಯಕವಾಗಿ ಎತ್ತದೆ ಹೋದದ್ದು ತನ್ನ ಅಪರಾಧವೆಂದು ಬಾರ್ತ್ 1967ರಲ್ಲಿ ಎಬರ್‌ಹಾರ್ಡ್ ಬೆಟ್ಗೆಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡರು. ಮಹಾಪಂಡಿತನೊಬ್ಬನ ಈ ಅರಿಕೆಯನ್ನು ಬಾರ್ಮೆನ್ ಘೋಷಣೆಯ ಅನುಬಂಧವೆಂದೇ ಓದಬೇಕೆಂಬುದು ನಮ್ಮ ಸಲಹೆ.

ಹಾಗಾದರೆ ಬಾರ್ಮೆನ್ ಅನ್ನು ಬದಿಗಿಡಬೇಕೇ? ಇಲ್ಲ. ಅದರ ಎರಡನೆಯ ಪ್ರತಿಪಾದನೆಯು ಕ್ರಿಸ್ತನ ಒಡೆತನಕ್ಕೆ ಹೊರತಾದ ಜೀವನಕ್ಷೇತ್ರ ಯಾವುದೂ ಇಲ್ಲವೆಂದು ಸಾರುತ್ತದೆ. ಆ ಬೆಳಕಿನಲ್ಲಿ ಐದನೆಯದನ್ನು ಓದಿದರೆ, ನೆರೆಯವನಿಗೆ ಆಗುವ ಅನ್ಯಾಯವನ್ನು ‘ರಾಜಕೀಯ’ವೆಂದು ಹೊರಗಿಡುವ ಹಕ್ಕು ಸಭೆಗೆ ಉಳಿಯುವುದಿಲ್ಲ. ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಮಿಷನ್ ಸಭೆಯು 1982ರಲ್ಲಿ ರಚಿಸಿ 1986ರಲ್ಲಿ ಅಂಗೀಕರಿಸಿದ ಬೆಲ್ಹಾರ್ ಅರಿಕೆ ಈ ದಾರಿಯನ್ನು ತೋರಿದೆ. ಒಪ್ಪುವ ಮತ್ತು ತಳ್ಳಿಹಾಕುವ ಬಾರ್ಮೆನ್ ಕ್ರಮವನ್ನೇ ಅನುಸರಿಸಿ, ದೇವರು ಬಡವರ ಮತ್ತು ಅನ್ಯಾಯಕ್ಕೊಳಗಾದವರ ಪಕ್ಷದಲ್ಲಿ ನಿಲ್ಲುತ್ತಾನೆ, ಸಭೆಯೂ ಅಲ್ಲಿಯೇ ನಿಲ್ಲಬೇಕು ಎಂದು ಅದು ಸಾರಿತು. ಬಾರ್ಮೆನ್ ಬಿಟ್ಟ ಖಾಲಿ ಸ್ಥಳವನ್ನು ಸ್ವತಃ ನಲುಗಿದವರ ಸಭೆಯೇ ತುಂಬಿತು.

ನಮ್ಮ ಸ್ಥಿತಿ ಜರ್ಮನಿಯದಲ್ಲ. ಅಲ್ಲಿಯದು ಬಹುಸಂಖ್ಯಾತರ ಸಭೆ, ನಮ್ಮದು ಅಲ್ಪಸಂಖ್ಯಾತರದು. ಹೋಲಿಕೆಯನ್ನು ಅಗ್ಗವಾಗಿ ಬಳಸುವುದು ಅಲ್ಲಿ ಸತ್ತವರಿಗೂ ಇಲ್ಲಿ ಬದುಕಿರುವವರಿಗೂ ಮಾಡುವ ಅಪಚಾರ. ಆದರೆ ಪ್ರಲೋಭನೆ ಒಂದೇ: ನಮ್ಮ ಹಕ್ಕಿಗೆ ಧಕ್ಕೆಯಾದಾಗ ಮಾತ್ರ ದನಿಯೆತ್ತುವುದು. ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಅಂತಃಕರಣದ ಸ್ವಾತಂತ್ರ್ಯವನ್ನು ‘ಎಲ್ಲ ವ್ಯಕ್ತಿಗಳಿಗೆ’ ಕೊಟ್ಟಿದೆ. ಈ ವಿಷಯದಲ್ಲಿ ಅದರ ದೃಷ್ಟಿ ಬಾರ್ಮೆನ್‌ಗಿಂತ ವಿಶಾಲ. 1986ರಲ್ಲಿ ಸುಪ್ರೀಂ ಕೋರ್ಟು, ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದುನಿಂತರೂ ಹಾಡದೆ ಉಳಿದ ಕೇರಳದ ಮೂವರು ಶಾಲಾಮಕ್ಕಳನ್ನು ಹೊರಹಾಕಿದ್ದು ತಪ್ಪೆಂದು ತೀರ್ಪಿತ್ತಿತು. ಆ ಮಕ್ಕಳು ಯೆಹೋವನ ಸಾಕ್ಷಿಗಳು. ತ್ರಿಯೇಕ ದೇವರ ಬೋಧನೆಯನ್ನು ಒಪ್ಪದವರು. ಬೋಧನೆಯಲ್ಲಿ ನಾವು ಯಾರನ್ನು ಅಲ್ಲಗಳೆಯುತ್ತೇವೆಯೋ ಅವರ ಅಂತಃಕರಣದ ನೆರಳಿನಲ್ಲಿ ನಮ್ಮ ಸ್ವಾತಂತ್ರ್ಯವೂ ಆಶ್ರಯ ಪಡೆದಿದೆ.

2022ರಲ್ಲಿ ಕರ್ನಾಟಕದಲ್ಲಿ ಮತಾಂತರ ನಿಷೇಧ ಕಾಯಿದೆ ಬಂದಾಗ ನಾಡಿನ ಕ್ರೈಸ್ತರು ಅದನ್ನು ವಿರೋಧಿಸಿದ್ದು ಯುಕ್ತವೇ. ಅದೇ ವರ್ಷ ಉಡುಪಿಯಲ್ಲಿ ಮುಸ್ಲಿಂ ವಿದ್ಯಾರ್ಥಿನಿಯರ ಶಿರವಸ್ತ್ರದ ಪ್ರಶ್ನೆ ಎದ್ದು ಹೈಕೋರ್ಟಿನ ಮೆಟ್ಟಿಲೇರಿತು. ಆ ವಿವಾದದಲ್ಲಿ ಯಾವ ನಿಲುವು ಸರಿಯೆಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ತರಗತಿಯ ಬಾಗಿಲಿನ ಹೊರಗೆ ನಿಂತ ಆ ಹೆಣ್ಣುಮಕ್ಕಳು ನಮ್ಮ ಭಾನುವಾರದ ವಿಜ್ಞಾಪನೆಗಳಲ್ಲಿ ಒಮ್ಮೆಯಾದರೂ ಬಂದರೇ? ಪ್ರತಿಯೊಬ್ಬ ಸಭಾಪಾಲಕರೂ ಇದಕ್ಕೆ ತಮ್ಮ ತಮ್ಮ ಪೀಠದ ಬಳಿ ನಿಂತು ಉತ್ತರ ಕೊಟ್ಟುಕೊಳ್ಳಬೇಕು.

ಬಾರ್ಮೆನ್ ಘೋಷಣೆಯನ್ನು ತರಗತಿಯಲ್ಲಿ ಬೋಧಿಸುವವರು ಇನ್ನು ಮುಂದೆ ವೈಸ್ಲರ್ ಅವರ ಕಥೆಯನ್ನೂ ಷ್ಮಿಟ್ಸ್ ಅವರ ಮನವಿಯನ್ನೂ ಅದರೊಡನೆ ಸೇರಿಸಿ ಬೋಧಿಸಲಿ ಎಂಬುದು ನಮ್ಮ ವಿನಂತಿ. ಸಮಾರ್ಯದವನ ಸಾಮ್ಯದಲ್ಲಿ ಯಾಜಕನಿಗೂ ಲೇವಿಯನಿಗೂ ಸರಿಯಾದ ಬೋಧನೆಯ ಕೊರತೆ ಇರಲಿಲ್ಲ. ದಾರಿಯಲ್ಲಿ ಬಿದ್ದಿದ್ದವನು ಅವರ ಲೆಕ್ಕಕ್ಕೆ ಬರಲಿಲ್ಲ, ಅಷ್ಟೇ. ಕ್ರಿಸ್ತನೊಬ್ಬನೇ ಕರ್ತನೆಂದು ಅರಿಕೆಮಾಡುವ ಸಭೆಯು, ಆ ಕರ್ತನು ಯಾರ ಬಳಿ ಬಗ್ಗಿ ನಿಂತಿದ್ದಾನೆಂಬುದನ್ನೂ ಅದೇ ಉಸಿರಿನಲ್ಲಿ ಅರಿಕೆಮಾಡಬೇಕಾಗಿದೆ.