ಅಂದವೂ ಕೀಲಿಕೈಯೂ: ಜಾಲತಾಣಗಳ ಕುರಿತು ಒಂದು ವಿಮರ್ಶೆ

ಹೋಟೆಲಿನವರು, ಅಡುಗೆ ಕಂತ್ರಾಟುದಾರರು, ಮನೆಯಲ್ಲೇ ಸಂಗೀತ ಪಾಠ ಹೇಳುವ ತಾಯಂದಿರು, ಕೊನೆಗೆ ನಮ್ಮ ಕನ್ನಡ ಸಂಘಗಳು, ಹೀಗೆ ಎಲ್ಲರಿಗೂ ಇಂದು ತಮ್ಮದೊಂದು ಜಾಲತಾಣ ಬೇಕೆನಿಸಿದೆ. ಅದನ್ನು ಕಟ್ಟಿಕೊಡುವ ಕಸುಬನ್ನು ಹೊರನಾಡಿನಲ್ಲಿರುವ ನಮ್ಮವರ ಮಕ್ಕಳೇ ಅನೇಕರು ಕೈಗೊಂಡಿದ್ದಾರೆ. ಸಂತೋಷದ ಸಂಗತಿಯೇ ಸರಿ. ಆದರೆ ಈ ಕಸುಬಿನಲ್ಲಿ ಎರಡು ಪಂಥಗಳಿವೆ. ಡ್ರೀಮ್‌ವೀವರ್, ಫಿಗ್ಮಾ ಮುಂತಾದ ವಿನ್ಯಾಸ ತಂತ್ರಾಂಶಗಳಲ್ಲಿ ಪುಟವನ್ನು ಅಂದವಾಗಿ ರೂಪಿಸಿ ಕೊಡುವುದೇ ಶ್ರೇಷ್ಠವೆಂದು ಒಂದು ಪಂಥ. ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್‌ಗಳಂಥ ವಿಷಯ ನಿರ್ವಹಣಾ ವ್ಯವಸ್ಥೆಗಳೇ ಸಾಕೆಂದು ಇನ್ನೊಂದು. ಈ ವಾದದಲ್ಲಿ ಕಟ್ಟುವವರ ಅನುಕೂಲವೇ ಹೆಚ್ಚಾಗಿ ಚರ್ಚೆಗೆ ಬರುತ್ತದೆ. ತಾಣವನ್ನು ಒಪ್ಪಿಸಿದ ಮರುದಿನ ಅದರಲ್ಲಿ ಬರೆಯುವವರು ಯಾರು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ನಮ್ಮ ದೃಷ್ಟಿಯಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಎರಡರ ಸ್ವರೂಪವನ್ನು ಸ್ವಲ್ಪ ನೋಡೋಣ. ಮದುವೆಯ ಕರೆಯೋಲೆಗೂ ಸಂಘದ ಸೂಚನಾ ಫಲಕಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಕರೆಯೋಲೆಯಲ್ಲಿ ಬರಹವೂ ಅಲಂಕಾರವೂ ಒಂದೇ ಕಾಗದದಲ್ಲಿ ಬೆರೆತಿವೆ. ಅಚ್ಚಾದ ಮೇಲೆ ಅದನ್ನು ತಿದ್ದುವ ಪ್ರಸಂಗವೇ ಬರುವುದಿಲ್ಲ. ವಿನ್ಯಾಸ ತಂತ್ರಾಂಶದಲ್ಲಿ ಮಾಡಿದ ಪುಟದ ರೀತಿಯೂ ಬಹುಮಟ್ಟಿಗೆ ಇದೇ. ಒಂದು ತಾರೀಖನ್ನು ಬದಲಿಸಬೇಕಾದರೂ ಬಲ್ಲವರು ಕಡತವನ್ನು ತೆರೆದು, ತಿದ್ದಿ, ಮತ್ತೆ ಸರ್ವರಿಗೆ ಏರಿಸಬೇಕು. ವಿಷಯ ನಿರ್ವಹಣಾ ವ್ಯವಸ್ಥೆಯಲ್ಲಿ ಬರಹ ಬೇರೆ, ಅಲಂಕಾರ ಬೇರೆ. ಬರಹವು ದತ್ತಾಂಶ ಕೋಶದಲ್ಲಿರುತ್ತದೆ, ಅಲಂಕಾರವು ‘ಥೀಮ್’ ಎಂಬ ಹೊದಿಕೆಯಲ್ಲಿ. ಪಾಸ್‌ವರ್ಡ್ ಉಳ್ಳ ಯಾವ ಕಾರ್ಯದರ್ಶಿಯೂ ಸೂಚನೆಯನ್ನು ಟೈಪು ಮಾಡಿ ಗುಂಡಿ ಒತ್ತಿದರೆ ಆಯಿತು, ಅದು ಲೋಕಕ್ಕೆ ಕಾಣುತ್ತದೆ.

ಹಾಗೆಂದು ವಿನ್ಯಾಸದ ಪಂಥವನ್ನು ನಾವು ಹೀಗಳೆಯುವುದಿಲ್ಲ. ಕಣ್ಣಿಗೆ ಹಿತವಾದ ಪುಟ ಓದುಗನನ್ನು ನಿಲ್ಲಿಸಿಕೊಳ್ಳುತ್ತದೆ. ದತ್ತಾಂಶ ಕೋಶದ ಹಂಗಿಲ್ಲದ ಪುಟ ಬೇಗ ತೆರೆದುಕೊಳ್ಳುತ್ತದೆ, ಕಳ್ಳರು ನುಗ್ಗುವ ಬಾಗಿಲುಗಳೂ ಅದರಲ್ಲಿ ಕಡಿಮೆ. ವಿಳಾಸ, ವೇಳೆ, ದೂರವಾಣಿ ಸಂಖ್ಯೆ, ನಾಲ್ಕು ಚಿತ್ರ, ಇಷ್ಟೇ ಬೇಕಾದ ಅಂಗಡಿಗೆ ಇದಕ್ಕಿಂತ ಹೆಚ್ಚಿನದನ್ನು ಕಟ್ಟಿಕೊಡುವುದು ಗಿರಾಕಿಗೆ ವೃಥಾ ಖರ್ಚು.

ಆದರೆ ಈ ತಂತ್ರಾಂಶಗಳ ಆಯುಸ್ಸನ್ನು ಗಮನಿಸಬೇಕು. ಒಂದು ಕಾಲಕ್ಕೆ ಮನೆಮಾತಾಗಿದ್ದ ಮೈಕ್ರೋಸಾಫ್ಟಿನ ಫ್ರಂಟ್‌ಪೇಜ್ 2003ರ ಆವೃತ್ತಿಯೊಂದಿಗೆ ಮುಗಿಯಿತು. ಒಂದಕ್ಷರ ಕೋಡು ಬರೆಯದೆ ತಾಣ ಕಟ್ಟಬಹುದೆಂದು ಅಡೋಬಿ ಕಂಪನಿ ತಂದ ‘ಮ್ಯೂಸ್’ ತಂತ್ರಾಂಶದ ಅಭಿವೃದ್ಧಿಯನ್ನು ಆ ಕಂಪನಿಯೇ 2018ರಲ್ಲಿ ನಿಲ್ಲಿಸಿತು, 2020ರ ಮಾರ್ಚಿನಲ್ಲಿ ಬೆಂಬಲವನ್ನೂ ಹಿಂತೆಗೆದುಕೊಂಡಿತು. ಅದರಲ್ಲಿ ಕಟ್ಟಿದ ಮೂಲ ಕಡತವನ್ನು ಬೇರೆ ತಂತ್ರಾಂಶಕ್ಕೆ ಒಯ್ದು ಮುಂದುವರಿಸುವ ದಾರಿಯನ್ನು ಕಂಪನಿ ಕೊಡಲಿಲ್ಲ. ಇನ್ನು ಫ್ಲ್ಯಾಷ್‌ನ ಕಥೆ. ಕುಣಿದು ಕುಪ್ಪಳಿಸುತ್ತಿದ್ದ ಆ ಪುಟಗಳು 2020ರ ಡಿಸೆಂಬರ್ 31ರ ನಂತರ ಬರಿಯ ಖಾಲಿ ಚೌಕಗಳಾದವು. ಹಣ ಕೊಟ್ಟು ಮಾಡಿಸಿದ ಗಿರಾಕಿಯ ಕೈಯಲ್ಲಿ ಉಳಿದದ್ದು ಏನು?

ಕನ್ನಡಿಗರಾದ ನಮಗೆ ಇಲ್ಲಿ ಇನ್ನೊಂದು ವಿಶೇಷ ತೊಡಕಿದೆ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. ಆದರೂ ವಿನ್ಯಾಸ ತಂತ್ರಾಂಶಗಳು ಬಹುಕಾಲ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತಿರಲಿಲ್ಲ. ಫೋಟೋಶಾಪಿನಲ್ಲಿ ಭಾರತೀಯ ಲಿಪಿಗಳಿಗೆಂದು ಪ್ರತ್ಯೇಕ ಏರ್ಪಾಡನ್ನು ಆರಿಸಿಕೊಳ್ಳದಿದ್ದರೆ ಒತ್ತುಗಳು ಕಳಚಿ ಬೀಳುತ್ತಿದ್ದವು. ಈ ತಾಪತ್ರಯಕ್ಕೆ ಬೇಸತ್ತ ವಿನ್ಯಾಸಕಾರರು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಹಳೆಯ ಫಾಂಟುಗಳನ್ನು ಬಳಸಿದರು. ಆ ಫಾಂಟು ಇಲ್ಲದ ಗಣಕದಲ್ಲಿ ಅಂಥ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಅದನ್ನು ತಪ್ಪಿಸಲು ಬರಹವನ್ನೇ ಚಿತ್ರವಾಗಿ ಪರಿವರ್ತಿಸಿ ಅಂಟಿಸುವ ಪದ್ಧತಿ ಬಂತು. ತಂತ್ರಾಂಶಗಳು ಸುಧಾರಿಸಿದ್ದರೂ ಈ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ.

ಚಿತ್ರವಾದರೆ ನಷ್ಟವೇನು ಎಂದು ಕೇಳಬಹುದು. ಸಂಘದ ಹಳೆಯ ಸಂಚಿಕೆಗಳಲ್ಲಿ ನಾಟಕದ ಪಾತ್ರವರ್ಗ, ದಾನಿಗಳ ಪಟ್ಟಿ, ಅಗಲಿದ ಹಿರಿಯರಿಗೆ ಬರೆದ ನಾಲ್ಕು ಮಾತು ಇವೆಲ್ಲ ಇರುತ್ತವೆ. ಬೇರೊಂದು ಊರಿನಲ್ಲಿ ಬೆಳೆದ ಮೊಮ್ಮಗಳು ಅಜ್ಜನ ಹೆಸರನ್ನು ಕನ್ನಡದಲ್ಲಿ ಟೈಪು ಮಾಡಿ ಹುಡುಕಿದಳೆನ್ನಿ. ಅಕ್ಷರ ಅಕ್ಷರವಾಗಿಯೇ ಉಳಿದಿದ್ದರೆ ಆ ಪುಟ ಅವಳೆದುರು ತೆರೆದುಕೊಳ್ಳುವ ಸಂಭವವಿದೆ. ಚಿತ್ರವಾಗಿದ್ದರೆ ಅದನ್ನು ನೆಚ್ಚುವಂತಿಲ್ಲ. ದೃಷ್ಟಿಯಿಲ್ಲದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಗಳು ಕನ್ನಡವನ್ನೂ ಓದುತ್ತವೆ, ಆದರೆ ಚಿತ್ರದೊಡನೆ ಅದರ ಬರಹವನ್ನೂ ಪ್ರತ್ಯೇಕವಾಗಿ ಕೊಟ್ಟಿರದಿದ್ದರೆ ಅವು ಮೂಕವಾಗುತ್ತವೆ. ಹೊರನಾಡಿನ ಸಂಘಗಳ ಚರಿತ್ರೆಯಲ್ಲಿ ಬಹುಭಾಗ ಇಂಥ ಪುಟಗಳಲ್ಲೇ ಇದೆ. ಅದು ಅಂದವಾದ ಚಿತ್ರಪಟವಾಗಿ ಕೂತು, ಯಾರಿಗೂ ಸಿಗದೆ ಹೋಗುವುದು ಸಣ್ಣ ನಷ್ಟವಲ್ಲ.

ವಿಷಯ ನಿರ್ವಹಣಾ ವ್ಯವಸ್ಥೆಗಳಲ್ಲಿ ಟೈಪು ಮಾಡಿದ ಕನ್ನಡ ಯೂನಿಕೋಡಾಗಿಯೇ ಉಳಿಯುತ್ತದೆ. ಇದು ಅವುಗಳ ದೊಡ್ಡ ಗುಣ. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಯಾರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ. ಅದಕ್ಕಿಂತ ಮೊದಲಿದ್ದ ‘ಬಿ2’ ಎಂಬ ತಂತ್ರಾಂಶದ ಕೆಲಸ ನಿಂತುಹೋದಾಗ, ಅದೇ ಮೂಲದಿಂದ ಇದನ್ನು ಬೆಳೆಸಿದರು. ಮ್ಯೂಸ್ ನಿಂತಾಗ ಹಾಗೆ ಮಾಡಲು ಯಾರಿಗೂ ಅಧಿಕಾರವಿರಲಿಲ್ಲ. ಮುಕ್ತ ತಂತ್ರಾಂಶಕ್ಕೂ ಕಂಪನಿಯ ಸೊತ್ತಿಗೂ ಇರುವ ಅಂತರ ಇದೇ.

ದೋಷಗಳು ಇಲ್ಲಿಯೂ ಉಂಟು, ಅವನ್ನು ಮುಚ್ಚಿಡಬಾರದು. ಒಂದು, ನಿರಂತರ ಆರೈಕೆ. ಪ್ಲಗಿನ್ ಎಂಬ ಸೇರ್ಪಡೆಗಳನ್ನು ಸಿಕ್ಕಸಿಕ್ಕಲ್ಲಿಂದ ತಂದು ಜೋಡಿಸಿ, ಕಾಲಕಾಲಕ್ಕೆ ನವೀಕರಿಸದೆ ಬಿಟ್ಟರೆ ಕಳ್ಳರು ಆ ಸಂದಿಯಿಂದಲೇ ಒಳಬರುತ್ತಾರೆ. ಎರಡು, ಹೊದಿಕೆಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳನ್ನು ಲೆಕ್ಕಕ್ಕಿಟ್ಟು ಮಾಡಿದಂಥವು. ಸಾಲುಗಳ ನಡುವೆ ಜಾಗ ಸಾಲದೆ ನಮ್ಮ ಒತ್ತುಗಳು ಕೆಳಸಾಲಿನ ಗುಡಿಸುಗಳಿಗೆ ತಾಕುತ್ತವೆ. ಇದನ್ನು ಸರಿಪಡಿಸಲು ಕಣ್ಣುಳ್ಳ ವಿನ್ಯಾಸಕಾರನೇ ಬೇಕು. ಮೂರು, ಎಲ್ಲರ ತಾಣವೂ ಒಂದೇ ಅಚ್ಚಿನ ಇಡ್ಲಿಯಂತೆ ಕಾಣುವ ಅಪಾಯ.

ಇವೆರಡರ ನಡುವೆ ವಿಕ್ಸ್, ವೆಬ್‌ಫ್ಲೋ ಮುಂತಾದ ಬಾಡಿಗೆ ಮನೆಗಳಿವೆ. ಚಿತ್ತಾರವೂ ಅಲ್ಲೇ, ಬರಹವೂ ಅಲ್ಲೇ. 2025ರಲ್ಲಿ ಫಿಗ್ಮಾ ಕೂಡ ತಾಣ ಪ್ರಕಟಿಸುವ ಸೌಲಭ್ಯವನ್ನು ಘೋಷಿಸಿ ಈ ಸಾಲಿಗೆ ಬಂತು. ಸೌಕರ್ಯ ನಿಜ. ಆದರೆ ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಎತ್ತಿ ಬೇರೆಡೆ ಇಡಲಾಗದು. ಯಾಹೂ ಕಂಪನಿಯ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿದಾಗ ಅಲ್ಲಿ ಪುಟ ಕಟ್ಟಿಕೊಂಡಿದ್ದವರ ಪಾಡನ್ನು ನೆನೆದರೆ ಸಾಕು. ಬಾಡಿಗೆ ಮನೆಯ ಗೋಡೆಗೆ ಎಷ್ಟು ಸುಣ್ಣ ಬಳಿದರೂ ಅದು ಬಾಡಿಗೆ ಮನೆಯೇ.

ಹಾಗಾದರೆ ತೀರ್ಮಾನವೇನು? ಒಂದೇ ಬಾರಿಯ ಉತ್ಸವಕ್ಕೋ, ವರ್ಷಕ್ಕೊಮ್ಮೆ ಬದಲಾಗುವ ಚಿಕ್ಕ ಅಂಗಡಿಗೋ ಸರಳವಾದ ಸಿದ್ಧ ಪುಟ ಸಾಕು. ತಿಂಗಳು ತಿಂಗಳು ಬರಹ ಸೇರುವ, ಎರಡು ವರ್ಷಕ್ಕೊಮ್ಮೆ ಪದಾಧಿಕಾರಿಗಳು ಬದಲಾಗುವ ಸಂಘಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆಯೇ ಸರಿ. ವಿನ್ಯಾಸ ತಂತ್ರಾಂಶದ ಸ್ಥಾನ ಅದಕ್ಕಿಂತ ಮುಂಚಿನದು. ಅದರಲ್ಲಿ ನಕ್ಷೆ ಬರೆಯಲಿ, ಕನ್ನಡದ ಅಕ್ಷರ ಹಾಕಿ ಪರೀಕ್ಷಿಸಲಿ, ಬಳಿಕ ಅದನ್ನು ಹೊದಿಕೆಯಾಗಿಸಲಿ. ನಕ್ಷೆ ಬರೆದವನು ಮನೆಯಲ್ಲಿ ವಾಸಿಸುವವನಲ್ಲ ಎಂಬುದನ್ನು ಮರೆಯಬಾರದು.

ನಮ್ಮ ದೇಶದ ಅನೇಕ ಜಿಲ್ಲೆಗಳ ತಾಣಗಳು ರಾಷ್ಟ್ರೀಯ ಮಾಹಿತಿ ಕೇಂದ್ರದ ‘ಎಸ್‌ತ್ರೀವಾಸ್’ ಎಂಬ ಏಕರೂಪದ ವ್ಯವಸ್ಥೆಯಲ್ಲಿ ನಡೆಯುತ್ತಿವೆ. ಅಂದದಲ್ಲಿ ಅವು ಬಹುಮಾನ ಗೆಲ್ಲಲಾರವು, ಆದರೆ ಅಧಿಕಾರಿಗೆ ವರ್ಗವಾದರೆ ತಾಣ ಕಂಗಾಲಾಗುವುದಿಲ್ಲ. ಸರಕಾರಿ ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೆ ‘ಚಾರ್ಜ್’ ಒಪ್ಪಿಸುವ ಪದ್ಧತಿ ಪರಿಚಿತ. ಏನೇನು ಕೊಟ್ಟೆ, ಏನೇನು ಪಡೆದೆ ಎಂದು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿದ ಮೇಲೆಯೇ ಕುರ್ಚಿ ಬದಲಾಗುವುದು. ಜಾಲತಾಣಕ್ಕೂ ಅದೇ ನಿಯಮವಿರಲಿ. ತಾಣದ ಹೆಸರು ಸಂಘದ ಹೆಸರಿನಲ್ಲೇ ನೋಂದಣಿಯಾಗಿರಬೇಕು, ಕಟ್ಟಿಕೊಟ್ಟವರ ಹೆಸರಿನಲ್ಲಿ ಅಲ್ಲ. ಮುಖ್ಯ ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿ ಇರಬೇಕು. ಬರಹಗಳ ಪೂರ್ಣ ಪ್ರತಿಯೊಂದು ನಿಯತವಾಗಿ ಸಂಘದ ಗಣಕಕ್ಕೆ ಇಳಿಯಬೇಕು. ಎಲ್ಲ ಕನ್ನಡವೂ ಯೂನಿಕೋಡಿನಲ್ಲಿರಬೇಕು. ಕಟ್ಟುವವರೊಡನೆ ದರ ಮಾತಾಡುವ ಮೊದಲೇ ಈ ನಾಲ್ಕನ್ನು ಕಾಗದದಲ್ಲಿ ಬರೆಸಿಕೊಳ್ಳುವುದು ಕ್ಷೇಮ.

ಈ ಕಸುಬಿನಲ್ಲಿರುವ ನಮ್ಮ ತರುಣ ತರುಣಿಯರಿಗೂ ಒಂದು ಮಾತು. ಪ್ರತಿ ಸಣ್ಣ ತಿದ್ದುಪಡಿಗೂ ಗಿರಾಕಿ ತಮ್ಮನ್ನೇ ಹುಡುಕಿಕೊಂಡು ಬರುವಂತೆ ಮಾಡಿದರೆ ನಾಲ್ಕು ಕಾಸು ಹೆಚ್ಚು ದೊರೆಯಬಹುದು. ಕೀಲಿಕೈಯನ್ನು ಕೈಗಿತ್ತು, ತೆರೆಯುವ ಬಗೆ ಕಲಿಸಿ ಬಂದವರನ್ನು ಆ ಮನೆಯವರು ಇನ್ನೂ ನಾಲ್ಕು ಮನೆಗಳಿಗೆ ಹೇಳಿ ಕಳಿಸುತ್ತಾರೆ.